ಹಳೇ ನಾವಿಕರ ರಮ್ಮಿಗೆ ಚನ್ನಪಟ್ಟಣದ ಬಟ್ಟಲು

ಸಾತನೂರಿನ ಆರ್ಡರ್

ವೀಸಾ ಅರ್ಜಿ ತುಂಬುತ್ತಿದ್ದ ಹುಡುಗಿ "ಉದ್ಯೋಗ ಏನು ಸರ್?" ಎಂದು ಕೇಳಿದಳು. "ಬೊಂಬೆ ಮಾಡೋದು" ಎಂದೆ. ಅವಳು ನನ್ನ ಬಿಳಿ ಗಡ್ಡ ನೋಡಿದಳು, ಬಣ್ಣ ಹತ್ತಿದ ಉಗುರು ನೋಡಿದಳು, ನಕ್ಕು ಹಾಗೆಯೇ ಬರೆದಳು. "ಹೋಗೋ ಕಾರಣ?" ಎಂದಳು. "ಇಪ್ಪತ್ತು ಬಟ್ಟಲು ಕೊಟ್ಟು ಬರೋಕೆ" ಎಂದೆ. ಆಗ ಮಾತ್ರ ಅವಳ ಕೈ ನಿಂತಿತು.

ನಿಜಕ್ಕೂ ನಾನು ಇಂಗ್ಲೆಂಡಿಗೆ ಹೋಗಿದ್ದು ಅಷ್ಟಕ್ಕೇ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಮೂರು ತಲೆಮಾರಿನಿಂದ ನಾವು ಮರ ಕಡೆಯುವ ಲೇತಿನ ಮುಂದೆ ಕೂತವರು. ಮೆತ್ತನೆಯ ಬಿಳಿ ಆಲೆಮರ ತಿರುಗಬೇಕು, ಉಳಿ ತಾಗಬೇಕು, ಬಣ್ಣದ ಅರಗಿನ ಕಡ್ಡಿ ಒತ್ತಬೇಕು, ತಾಳೆಗರಿಯಲ್ಲಿ ಉಜ್ಜಿ ಹೊಳಪು ತರಬೇಕು. ಐವತ್ತೆಂಟು ವರ್ಷದಲ್ಲಿ ನಾನು ವಿಮಾನ ಹತ್ತಿದ್ದು ಅದೇ ಮೊದಲು. ನಾನು ಮಾಡಿದ ಬುಗುರಿಗಳು ಮಾತ್ರ ನನಗಿಂತ ಮೊದಲೇ ಎಷ್ಟೋ ದೇಶ ನೋಡಿ ಬಂದಿದ್ದವು.

ಇದಕ್ಕೆಲ್ಲ ಕಾರಣ ಸಿದ್ದರಾಜ. ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಸಾತನೂರಿನ ಕಡೆಯ ಒಕ್ಕಲಿನ ಮನೆಯವನು, ಮೀಸೆ ಚಿಗುರುವ ಹೊತ್ತಿಗೆ ನೌಕಾಪಡೆಗೆ ಸೇರಿದ. ನಿವೃತ್ತಿಯಾಗಿ ಬಂದ ಮೇಲೆ ಹಿಪ್ಪುನೇರಳೆ ಬೆಳೆಯುತ್ತಾ, ಎರಡು ಸೀಮೆಹಸು ಕಟ್ಟಿಕೊಂಡು ಆರಾಮಾಗಿದ್ದಾನೆ. ಮಿಲ್ಟ್ರಿ ಕ್ಯಾಂಟೀನಿನಿಂದ ಅವನ ಪಾಲಿನ ರಮ್ಮು ಬಂದ ದಿನ ಊರಿನ ಅರ್ಧ ಜನಕ್ಕೆ ನೆಗಡಿ ಬರುತ್ತದೆ. "ಒಸಿ ಔಷಧಿಗೆ ಕೊಡಪ್ಪ" ಎಂದು ಲೋಟ ಹಿಡಿದು ಬಾಗಿಲಿಗೆ ಬರುತ್ತಾರೆ. ಇವನೂ ಇಲ್ಲ ಅನ್ನುವವನಲ್ಲ.

ಒಂದು ಬೆಳಿಗ್ಗೆ ಅವನು ಫೋನು ಮಾಡಿದ. "ಲೇ ಇಮ್ತಿಯಾಜು, ಇಪ್ಪತ್ತು ಬಟ್ಲು ಮಾಡ್ಬೇಕು ಕಣ್ಲಾ. ಇಂಗ್ಲೆಂಡಿಗೆ."

"ಎಂಥಾ ಬಟ್ಲು?"

"ಕೈ ತುಂಬ ಹಿಡಿಯಂಗಿರ್ಬೇಕು. ತಳ ಅಗಲ, ತೂಕ ಕಮ್ಮಿ. ಅಲ್ಲಿ ನೇವಿಯ ಹಳೇ ಮುದುಕ್ರದ್ದೊಂದು ಗುಂಪು ಐತೆ. ಶೋಕೇಸ್ನಲ್ಲಿ ಇಕ್ಕೋತಾರಂತೆ."

ಶೋಕೇಸು ಎಂದ ಮೇಲೆ ಕೇಳಬೇಕೆ? ಹೊರಗೆ ಒಂದೊಂದಕ್ಕೂ ಒಂದೊಂದು ಬಣ್ಣದ ಪಟ್ಟೆ ಎಳೆದೆ. ಒಳಗೆ ಎಲ್ಲಕ್ಕೂ ಒಂದೇ ಕೆಂಪು ಅರಗು ಹಚ್ಚಿ, ಬಗ್ಗಿ ನೋಡಿದರೆ ಮುಖ ಕಾಣುವಷ್ಟು ಹೊಳಪು ಕೊಟ್ಟೆ. ಫೋಟೋ ನೋಡಿದ ಮುದುಕರು ಕುಣಿದಾಡಿಬಿಟ್ಟರಂತೆ. ಬಟ್ಟಲಿನ ಜೊತೆಗೆ ಮಾಡಿದವನೂ ಬರಬೇಕೆಂದು ನಮ್ಮಿಬ್ಬರಿಗೂ ಕರೆ ಬಂತು.

ಅರ್ಧ ರೈಲು

ಲಂಡನ್ನಿನಿಂದ ಪೋರ್ಟ್ಸ್‌ಮತ್ ಬಂದರಿಗೆ ರೈಲು ಹತ್ತಿದೆವು. ಕಿಟಕಿಯಾಚೆ ಹಸಿರು ಇರುತ್ತದೆಂದು ಕೇಳಿದ್ದೆ. ಆ ವರ್ಷ ಅಲ್ಲಿ ಬಿಸಿಲೋ ಬಿಸಿಲು. ಹುಲ್ಲೆಲ್ಲ ಒಣಗಿ, ಏಪ್ರಿಲ್ ತಿಂಗಳ ಮಾಗಡಿ ರಸ್ತೆಯ ಬೀಳುಭೂಮಿಯ ಹಾಗೆ ಕಾಣುತ್ತಿತ್ತು. "ಇದನ್ನ ನೋಡಕೆ ಇಷ್ಟು ದೂರ ಬಂದ್ವಾ?" ಎಂದು ಸಿದ್ದರಾಜ ಜೋರಾಗಿ ನಕ್ಕ. ಬೋಗಿಯಲ್ಲಿದ್ದವರೆಲ್ಲ ಒಮ್ಮೆ ತಲೆಯೆತ್ತಿ ಮತ್ತೆ ತಮ್ಮ ತಮ್ಮ ಪುಸ್ತಕಕ್ಕೆ ಮರಳಿದರು. ನಲವತ್ತು ಜನ ಕೂತಿದ್ದರೂ ಪುಟ ತಿರುಗಿಸುವ ಸದ್ದು ಕೇಳುತ್ತಿತ್ತು. ನಮ್ಮ ಮೈಸೂರು ಪ್ಯಾಸೆಂಜರಿನಲ್ಲಿ ಇಷ್ಟು ಹೊತ್ತಿಗೆ ಎದುರಿನವರ ಮಗಳ ಮದುವೆ ಯಾವಾಗ ಎನ್ನುವುದೂ ಗೊತ್ತಾಗಿರುತ್ತಿತ್ತು.

ಒಂದು ಸಣ್ಣ ಸ್ಟೇಷನ್ನಿನಲ್ಲಿ ರೈಲು ನಿಂತಿತು. ಏನೋ ಅನೌನ್ಸು ಮಾಡಿದರು. ಜನ ಇಳಿದರು. ನಾವು ಇಳಿಯಲಿಲ್ಲ.

"ಕ್ರಾಸಿಂಗ್ ಇರ್ಬೇಕು" ಎಂದ ಸಿದ್ದರಾಜ. ಅದು ನನಗೂ ಸರಿಯೆನಿಸಿತು. ಕ್ರಾಸಿಂಗಿಗೆ ಕಾಯುವುದರಲ್ಲಿ ನಮ್ಮನ್ನು ಮೀರಿಸಿದವರು ಯಾರು? ಚಕ್ಕುಲಿ ಡಬ್ಬ ತೆಗೆದೆವು. ಅವನ ನೌಕಾಪಡೆಯ ಕತೆ ಶುರುವಾಯಿತು. ಅರ್ಧ ಡಬ್ಬ ಖಾಲಿಯಾದರೂ ಎದುರಿನಿಂದ ಯಾವ ರೈಲೂ ಬರಲಿಲ್ಲ.

ಕೊನೆಗೆ ಕಸದ ಚೀಲ ಹಿಡಿದ ಒಬ್ಬ ಹೆಂಗಸು ಒಳಗೆ ಬಂದವಳು ನಮ್ಮನ್ನು ನೋಡಿ ಬೆಚ್ಚಿದಳು. ವಿಷಯ ಏನೆಂದರೆ, ಅಲ್ಲಿ ರೈಲನ್ನು ಅರ್ಧಕ್ಕೆ ತುಂಡು ಮಾಡುತ್ತಾರೆ. ಮುಂದಿನ ಬೋಗಿಗಳು ಬಂದರಿಗೆ ಹೋಗುತ್ತವೆ, ಹಿಂದಿನವು ಅಲ್ಲೇ ಉಳಿಯುತ್ತವೆ. ನಮ್ಮ ರೈಲು ನಮ್ಮನ್ನು ಬಿಟ್ಟು ಹೋಗಿ ಬಹಳ ಹೊತ್ತಾಗಿತ್ತು. ಬಟ್ಟಲಿನ ಪೆಟ್ಟಿಗೆ ಹೊತ್ತು ಪ್ಲಾಟ್‌ಫಾರಂ ಮೇಲೆ ಓಡುವಾಗ ನನಗೆ ನಗು ತಡೆಯಲಾಗಲಿಲ್ಲ. ಆ ಹೆಂಗಸೂ ಚೀಲ ಕೆಳಗಿಟ್ಟು ನಗುತ್ತಾ, ಮುಂದಿನ ರೈಲು ಬರುವವರೆಗೆ ನಮ್ಮ ಜೊತೆಗೇ ನಿಂತಿದ್ದು, ಈ ಸಲ ಮುಂದಿನ ಬೋಗಿಗೇ ಹತ್ತಿಸಿದಳು. ಕೈಗೆ ಎರಡು ಚಕ್ಕುಲಿ ಕೊಟ್ಟೆ. ಮೂಸಿ ನೋಡಿ, ಕಚ್ಚಿ, ಹೆಬ್ಬೆರಳು ಎತ್ತಿದಳು.

ಗೋಸ್‌ಪೋರ್ಟಿನ ಅಡುಗೆಮನೆ

ಬಂದರಿನ ಎದುರು ದಡದಲ್ಲಿ ಗೋಸ್‌ಪೋರ್ಟ್. ದೋಣಿಯಲ್ಲಿ ನಾಲ್ಕು ನಿಮಿಷ. ಒಂದು ಕಡೆ ಬೂದುಬಣ್ಣದ ಯುದ್ಧನೌಕೆಗಳು, ಇನ್ನೊಂದು ಕಡೆ ಬಿಳಿ ಹಾಯಿ. ಸಿದ್ದರಾಜ ಕಟಕಟೆ ಹಿಡಿದು ಆ ನೌಕೆಗಳನ್ನೇ ಎಣಿಸುತ್ತಾ ನಿಂತ. ಇಪ್ಪತ್ತರ ಹರೆಯದಲ್ಲಿ ನಮ್ಮ ದೇಶ ಕೊಂಡ ಒಂದು ಹಡಗನ್ನು ಇಲ್ಲಿಂದ ನಡೆಸಿಕೊಂಡು ಹೋಗಲು ಬಂದ ತಂಡದಲ್ಲಿ ಅವನಿದ್ದ. ಆಗ ಅವರಿಗೆ ಇಂಜಿನ್ನಿನ ಕೆಲಸ ಕಲಿಸಿದವರೇ ಡೆನಿಸ್, ಈಗ ಬಟ್ಟಲು ತರಿಸಿದ ಗುಂಪಿನ ಮುಂದಾಳು. ಅಂದಿನಿಂದ ಹೊಸ ವರ್ಷಕ್ಕೊಂದು ಕಾರ್ಡು ತಪ್ಪಿದ್ದಿಲ್ಲ.

ಡೆನಿಸ್ ದಡದಲ್ಲೇ ಕಾಯುತ್ತಿದ್ದರು. ಎಪ್ಪತ್ತೈದರ ಆಸುಪಾಸು, ಎತ್ತರದ ಆಳು, ಮುಂಗೈಯಲ್ಲಿ ನೀಲಿ ಲಂಗರಿನ ಹಚ್ಚೆ. ನಮಗೆಂದು ಮೀನು, ಆಲೂಗಡ್ಡೆ ಕರಿದದ್ದನ್ನು ಕಾಗದದಲ್ಲಿ ಕಟ್ಟಿಸಿ ತಂದಿದ್ದರು. ನಾನು ಪೊಟ್ಟಣ ಬಿಚ್ಚಿದ್ದೇ ತಡ, ಕೋಳಿಯಷ್ಟು ದೊಡ್ಡ ಕಡಲಹಕ್ಕಿಯೊಂದು ಬಂದು ಮೀನನ್ನು ಇಡಿಯಾಗಿ ಎತ್ತಿಕೊಂಡು ಹೋಯಿತು. ಚನ್ನಪಟ್ಟಣ ಬಸ್‌ಸ್ಟ್ಯಾಂಡಿನ ಕಾಗೆಗಳು ಇದರ ಮುಂದೆ ಸಂಭಾವಿತರು. "ಇಲ್ಲಿಗೆ ಬಂದವರಿಗೆಲ್ಲ ಮೊದಲು ಇದೇ ಸ್ವಾಗತ" ಎಂದು ಡೆನಿಸ್ ತಮ್ಮ ಮೀನಿನಲ್ಲಿ ಅರ್ಧ ಮುರಿದು ಕೊಟ್ಟರು.

ಅವರ ಅಡುಗೆಮನೆಯ ಮೇಜಿನ ಮೇಲೆ ಇಪ್ಪತ್ತೂ ಬಟ್ಟಲು ಸಾಲಾಗಿ ಇಟ್ಟೆ. ಸಂಜೆ ಏಳಾದರೂ ಹೊರಗೆ ಮಟಮಟ ಬಿಸಿಲು. ಬಣ್ಣಗಳು ಹೊಳೆದವು. ಡೆನಿಸ್ ಒಂದೊಂದನ್ನೂ ಎತ್ತಿ, ತಿರುಗಿಸಿ, ಕೆನ್ನೆಗೆ ತಾಗಿಸಿ ನೋಡಿದರು. ಆಮೇಲೆ ಮಾತು ಹರಿಯಿತು. ನನಗೆ ಅರ್ಥವಾಗದ ಕಡೆ ಸಿದ್ದರಾಜ ತಿಳಿಸಿದ.

ಅವರ ನೌಕಾಪಡೆಯಲ್ಲಿ ಹಿಂದೆ ದಿನಾ ಮಧ್ಯಾಹ್ನ ಪ್ರತಿ ನಾವಿಕನಿಗೂ ಒಂದು ಅಳತೆ ರಮ್ಮು ಸರ್ಕಾರವೇ ಹಂಚುತ್ತಿತ್ತಂತೆ. ಮುನ್ನೂರು ವರ್ಷದ ಹತ್ತಿರ ನಡೆದುಬಂದ ಪದ್ಧತಿ. ಯಾರಾದರೂ ಉಪಕಾರ ಮಾಡಿದರೆ ನಿನ್ನ ರಮ್ಮಿನಲ್ಲಿ ಅವನಿಗೊಂದು ಗುಟುಕು ಕೊಡಬೇಕು; ದೊಡ್ಡ ಉಪಕಾರವಾದರೆ ದೊಡ್ಡ ಗುಟುಕು. ವಾರದ ಒಂದೊಂದು ದಿನಕ್ಕೆ ಒಂದೊಂದು ಹಾರೈಕೆ. ಶನಿವಾರದ್ದು ಹೆಂಡತಿಯರಿಗೂ ಪ್ರೇಯಸಿಯರಿಗೂ. ಹಾಗೆಂದ ಕೂಡಲೇ ಎಲ್ಲರೂ "ಅವರಿಬ್ಬರೂ ಎಂದೂ ಎದುರಾಗದಿರಲಿ" ಎಂದು ಕೂಗಬೇಕು. ರಾಜನಿಗೋ ರಾಣಿಗೋ ಹಾರೈಸುವಾಗ ಭೂಸೇನೆಯವರು ಎದ್ದು ನಿಲ್ಲುತ್ತಾರೆ. ಇವರು ಕೂತೇ ಹಾರೈಸುತ್ತಾರೆ, ಏಕೆಂದರೆ ಹಳೇ ಹಡಗಿನ ಸೂರು ತಲೆಗೆ ಬಡಿಯುವಷ್ಟು ಗಿಡ್ಡ. ಕ್ರಿಸ್ಮಸ್ ಬೆಳಿಗ್ಗೆ ಭೂಸೇನೆಯ ಅಧಿಕಾರಿಗಳೇ ಸಿಪಾಯಿಗಳ ಹಾಸಿಗೆ ಹತ್ತಿರ ಹೋಗಿ ರಮ್ಮು ಬೆರೆಸಿದ ಟೀ ಕೊಡುತ್ತಾರಂತೆ. "ಮತ್ತೆ ವಾಯುಪಡೆಯವರು?" ಎಂದು ಕೇಳಿದೆ. "ಅವರಾ? ಪಿಯಾನೋ ಸುಡುತ್ತಾರೆ" ಎಂದು ಡೆನಿಸ್ ಕೈಬೀಸಿದರು. ಸುಳ್ಳೋ ನಿಜವೋ, ಸಿದ್ದರಾಜನೂ ಹೌದೆಂದ.

ಐವತ್ತು ವರ್ಷದ ಹಿಂದೆ ಜುಲೈ ತಿಂಗಳ ಕೊನೆಯ ದಿನ ಸರ್ಕಾರ ರಮ್ಮು ನಿಲ್ಲಿಸಿತು. ಆ ದಿನ ಡೆನಿಸ್ ಮತ್ತು ಅವರ ಜೊತೆಯವರು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಕೊನೆಯ ಅಳತೆ ಕುಡಿದರಂತೆ. ಈಗಲೂ ಪ್ರತಿ ವರ್ಷ ಅದೇ ದಿನ ಸೇರುತ್ತಾರೆ.

"ರಮ್ಮಿಗೆ ವರ್ಷಾ ವರ್ಷಾ ತಿಥಿ ಮಾಡ್ತವ್ರೆ ಕಣ್ಲಾ" ಎಂದ ಸಿದ್ದರಾಜ. ನನಗೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

ಆಗ ಡೆನಿಸ್ ನನ್ನ ಬಟ್ಟಲೊಂದನ್ನು ಎತ್ತಿ ಹಿಡಿದು, "ನಾಡಿದ್ದು ಭಾನುವಾರ ಹನ್ನೆರಡಕ್ಕೆ ಇದರಲ್ಲೇ" ಎಂದು ತುಟಿಗೆ ಇಟ್ಟು ತೋರಿಸಿದರು.

ನನ್ನ ನಗು ನಿಂತಿತು. ಸಿದ್ದರಾಜನ ಕಡೆ ನೋಡಿದೆ. ಅವನು ಕಿಟಕಿಯ ಕಡೆ ನೋಡುತ್ತಿದ್ದ.

"ಶೋಕೇಸಿಗೆ ಅಂದೆಯಲ್ಲೋ?"

ಅವನು ಪರದೆಯ ಅಂಚು ಸರಿಮಾಡತೊಡಗಿದ.

"ಸ್ವಲ್ಪ ರಮ್ಮು ಕೊಡಿ" ಎಂದು ಡೆನಿಸರನ್ನು ಕೇಳಿದೆ. ಅವರು ಖುಷಿಯಿಂದ ಬಾಟಲಿ ತಂದರು. ನಾನು ಒಂದು ಚಮಚದಷ್ಟನ್ನು ಬಟ್ಟಲಿಗೆ ಹಾಕಿಸಿ, ಸುಮ್ಮನೆ ಕೂತು ಕಾದೆ. ಅರಗು ನೀರಿಗೆ ಜಗ್ಗುವುದಿಲ್ಲ. ಆದರೆ ಸ್ಪಿರಿಟ್ಟಿಗೆ ಕರಗುತ್ತದೆ. ಮರದ ಸಾಮಾನಿಗೆ ಪಾಲಿಶ್ ಮಾಡುವವರು ಅರಗನ್ನು ಸ್ಪಿರಿಟ್ಟಿನಲ್ಲೇ ಕರಗಿಸಿಕೊಳ್ಳುವುದು. ಹತ್ತು ನಿಮಿಷದ ಮೇಲೆ ಆ ರಮ್ಮನ್ನು ಬಿಳಿ ಸಾಸರಿಗೆ ಸುರಿದೆ. ಕುಂಕುಮದ ನೀರಿನ ಹಾಗೆ ಕೆಂಪಾಗಿತ್ತು. ಬಟ್ಟಲಿನೊಳಗೆ ಬೆರಳಾಡಿಸಿದೆ. ಜಿಗುಟು ಜಿಗುಟು.

ಡೆನಿಸ್ ಸಾಸರನ್ನೂ ನನ್ನ ಬೆರಳನ್ನೂ ನೋಡಿದರು. ಅವರ ಮುಖ ಸಣ್ಣದಾಯಿತು.

ನಾನು ನನಗೆ ಬರುವ ಇಂಗ್ಲಿಷಿನಲ್ಲೇ ಹೇಳಿದೆ: ನಾನು ಕುಡಿಯುವವನಲ್ಲ. ಕುಡಿಯಲಿಕ್ಕೆ ಎಂದು ಗೊತ್ತಿದ್ದರೆ ಇದನ್ನು ಮಾಡುತ್ತಲೂ ಇರಲಿಲ್ಲವೇನೋ. ಮಾಡಿದ್ದರೂ ಒಳಗೆ ಅರಗು ಹಚ್ಚುತ್ತಿರಲಿಲ್ಲ.

ಡೆನಿಸ್ ಸಿದ್ದರಾಜನನ್ನು ಒಂದು ಗಳಿಗೆ ನೋಡಿ, ನನ್ನ ಕಡೆ ತಿರುಗಿದರು. "ಇದು ನನಗೆ ತಿಳಿದಿರಲಿಲ್ಲ. ನೀವು ಬೇಡ ಎಂದರೆ ಇವು ನಿಜವಾಗಿಯೂ ಶೋಕೇಸಿಗೇ ಹೋಗುತ್ತವೆ. ನಾವು ಗಾಜಿನ ಲೋಟದಲ್ಲಿ ಕುಡಿಯುತ್ತೇವೆ" ಎಂದರು.

ಸಮುದ್ರದ ದಂಡೆ

ನಾನು ಎದ್ದು ಹೊರಗೆ ನಡೆದೆ. ಸಿದ್ದರಾಜ ಹತ್ತು ಹೆಜ್ಜೆ ಹಿಂದೆ ಬಂದ. ದಂಡೆಯಲ್ಲಿ ಮರಳಿಲ್ಲ, ಬರೀ ಗುಂಡುಕಲ್ಲು. ಅಲ್ಲಿನ ಜನ ಅದರ ಮೇಲೇ ಟವೆಲು ಹಾಸಿ ಮಲಗಿ ಸುಖಪಡುತ್ತಾರೆ. ಬಿಸಿಲು ಕಂಡರೆ ನಾವು ನೆರಳಿಗೆ ಓಡುತ್ತೇವೆ, ಅವರು ಮನೆಯಿಂದ ಓಡಿ ಬರುತ್ತಾರೆ. ಬೇರೆ ಹೊತ್ತಾಗಿದ್ದರೆ ಇದನ್ನು ಇವನಿಗೆ ತೋರಿಸಿ ನಗುತ್ತಿದ್ದೆ.

"ಯಾಕ್ಲಾ ಸುಳ್ಳು ಹೇಳ್ದೆ?"

"ಯೋಳಿದ್ರೆ ನೀನು ಮಾಡ್ತಿರ್ಲಿಲ್ಲ."

"ಮಾಡ್ತಿರ್ಲಿಲ್ಲ ಅಂದ್ರೆ ಬೇರೆಯೋರು ಮಾಡ್ತಿದ್ರು. ಬೀದಿ ತುಂಬ ಲೇತ್ ಅವೆ."

"ಬೇರೆಯೋರ ಕೈಲಿ ಮಾಡ್ಸಾಕೆ ನಂಗೆ ಇಷ್ಟ ಇರ್ನಿಲ್ಲ ಕಣ್ಲಾ." ಅವನ ದನಿ ಇಳಿದಿತ್ತು. "ನಾನು ಹೋದಲ್ಲೆಲ್ಲಾ ನನ್ ಫ್ರೆಂಡ್ ಇಮ್ತಿಯಾಜು ಅಂತ ಯೋಳ್ಕೊಂಡು ಬಂದೋನು. ಇವ್ರು ಬಟ್ಲು ಕೇಳ್ದಾಗ ನಿನ್ ಕೈನೇ ನೆಪ್ಪಾಯ್ತು. ತಪ್ಪಾಯ್ತು. ಅಷ್ಟೇಯ."

ಆಯ್ತು ಬಿಡು ಎನ್ನುವಷ್ಟು ಸಿಟ್ಟು ಇಳಿದಿರಲಿಲ್ಲ. ಸುಮ್ಮನೆ ಕೇಳಿದೆ: "ಇವ್ರಿಗೆ ಗಾಜಿನ ಲೋಟಕ್ಕೆ ಏನಾಗಿತ್ತು?"

"ಆರ್ಥರ್ ಅಂತ ಒಬ್ಬ ಅಜ್ಜ ಅವ್ರೆ. ತೊಂಬತ್ಮೂರು. ಕೈ ನಡುಗ್ತದೆ. ಹೋದ್ವರ್ಷ ಹಾರೈಕೆ ಟೈಮಲ್ಲಿ ಗಾಜಿನ ಲೋಟ ಕೈ ಜಾರಿ ಚೂರಾಗೋಯ್ತಂತೆ. ಮುದುಕ ಅತ್ತೇಬುಟ್ನಂತೆ. ಅದ್ಕೇ ಎಲ್ರೂ ಮರದ್ದೇ ತರ್ಸೋಣ ಅಂದ್ರು. ಅವ್ರೊಬ್ರಿಗೇ ಮರದ್ದು ಕೊಟ್ರೆ ಬೇಜಾರಾಯ್ತದೆ ಅಂತ."

ಬಗ್ಗಿ ಒಂದು ಗುಂಡುಕಲ್ಲು ಎತ್ತಿ ಅಂಗೈಯಲ್ಲಿ ತೂಗಿ ನೋಡಿದೆ. ತಳ ಅಗಲ, ತೂಕ ಕಮ್ಮಿ ಎಂದು ಅವನು ಫೋನಿನಲ್ಲಿ ಒತ್ತಿ ಹೇಳಿದ್ದು ಇದಕ್ಕೆ. ಯಾರು ಏನು ಕುಡಿಯುತ್ತಾರೋ ಅದು ಅವರ ಲೆಕ್ಕ, ಮೇಲಿನವನ ಲೆಕ್ಕ. ಆದರೆ ನಡುಗುವ ಕೈಗೆಂದು ಕೇಳಿದ ಸಾಮಾನು ನಾನು ಮಾಡಿದ್ದು ಕೆಟ್ಟಿದೆ. ಅದನ್ನು ಹಾಗೇ ಬಿಟ್ಟು ಊರಿಗೆ ಹೋಗಲು ನನ್ನ ಕೈ ಒಪ್ಪಲಿಲ್ಲ.

"ಈ ಊರಲ್ಲಿ ಯಾರತ್ರ ಲೇತ್ ಐತೆ, ಡೆನಿಸ್‌ನ ಕೇಳು" ಎಂದೆ.

ಸಿದ್ದರಾಜ ಗುಂಡುಕಲ್ಲಿನ ಮೇಲೆ ಎಡವುತ್ತಾ ಓಡಿದ.

ಜೋನ್ ಅವರ ಶೆಡ್ಡು

ಇಂಗ್ಲೆಂಡಿನ ಮನೆಗಳ ಹಿತ್ತಲಿನಲ್ಲಿ ಒಂದೊಂದು ಶೆಡ್ಡು ಇರುತ್ತದೆ. ನಾವು ಹಿತ್ತಲಲ್ಲಿ ಕೋಳಿಗೂಡು ಕಟ್ಟುವಂತೆ ಅವರು ಶೆಡ್ಡು ಕಟ್ಟಿ, ನಿವೃತ್ತಿಯಾದ ಮೇಲೆ ಅದರೊಳಗೆ ಸೇರಿಕೊಳ್ಳುತ್ತಾರೆ. ಡೆನಿಸರ ಬೀದಿಯ ಕೊನೆಯ ಮನೆಯ ಜೋನ್ ಎಪ್ಪತ್ತು ವರ್ಷದ ಸಣಕಲು ಹೆಂಗಸು, ಗಂಡಸಿನಂತೆ ಕ್ರಾಪು. ಟೀಚರಾಗಿದ್ದವರು, ಈಗ ಮರದ ಬೋಗುಣಿ ಕಡೆಯುತ್ತಾರೆ. ಶನಿವಾರ ಬೆಳಿಗ್ಗೆ ಅವರ ಶೆಡ್ಡಿನ ಬಾಗಿಲಲ್ಲಿ ನಿಂತಾಗ ಹಸಿಮರದ ವಾಸನೆ ಮೂಗಿಗೆ ಬಡಿಯಿತು. ಒಮ್ಮೆಲೇ ಮನೆಗೆ ಬಂದ ಹಾಗಾಯಿತು.

ಲೇತು ಮಾತ್ರ ನನ್ನ ಎದೆಯೆತ್ತರಕ್ಕಿತ್ತು. ನಾನು ಕೂತು ಕೆಲಸ ಮಾಡುವವನು. ಜೋನ್ ಎರಡು ಹಾಲಿನ ಕ್ರೇಟು ಬೋರಲು ಹಾಕಿ ನನ್ನನ್ನು ಅದರ ಮೇಲೆ ಹತ್ತಿಸಿದರು. ಕಣ್ಣಿಗೆ ಕನ್ನಡಕ, ಮುಖಕ್ಕೆ ಮಾಸ್ಕು, ಕಿವಿಗೆ ಮುಚ್ಚಳ ಹಾಕಿಸಿದರು. "ಚಂದ್ರನ ಮ್ಯಾಕೆ ಓಗೋನಂಗೆ ಕಾಣ್ತಿದ್ದೀಯ" ಎಂದ ಸಿದ್ದರಾಜ. ನಾನು ನಗಲಿಲ್ಲ. ಅವನು ತೆಪ್ಪಗೆ ಪೊರಕೆ ಹಿಡಿದ.

ಕೆಲಸ ಹೇಳುವಷ್ಟು ಸುಲಭವಲ್ಲ. ಒಳಗಿನ ಅರಗನ್ನು ಕೆರೆದು ತೆಗೆಯಲು ಮುಗಿದ ಬಟ್ಟಲನ್ನು ಮತ್ತೆ ಲೇತಿಗೆ ಕಟ್ಟಬೇಕು. ಅದಕ್ಕೆ ಒಂದು ಮರದ ತುಂಡಿನಲ್ಲಿ ಬಟ್ಟಲಿನ ತಳ ಕೂರುವಷ್ಟೇ ಗುಳಿ ಕೊರೆದು, ಅದರೊಳಗೆ ಬಟ್ಟಲನ್ನು ಬಿಗಿಯಾಗಿ ಕೂರಿಸಿ ತಿರುಗಿಸಬೇಕು. ಸಡಿಲವಾದರೆ ಹಾರುತ್ತದೆ, ಬಿಗಿಯಾದರೆ ಸೀಳುತ್ತದೆ. ಕೈಯಲ್ಲಿ ಮಾಡಿದ ಬಟ್ಟಲುಗಳು, ಒಂದರ ಹಾಗೆ ಇನ್ನೊಂದಿಲ್ಲ.

ಮೊದಲನೆಯದು ಹಾರಿ ತಗಡಿನ ಗೋಡೆಗೆ ಬಡಿದು ಎರಡು ಹೋಳಾಯಿತು. ಜೋನ್ ಅವರ ನಾಯಿ ಬಾಲ ಮುದುರಿ ಮನೆಯೊಳಗೆ ಓಡಿದ್ದು ಸಂಜೆಯವರೆಗೆ ಬರಲಿಲ್ಲ. ಎರಡನೆಯದು ಟಪ್ ಎಂದು ಸೀಳು ಬಿಟ್ಟಿತು. ಮೂರನೆಯದಕ್ಕೆ ಜೋನ್ ಒಂದು ಹಳೇ ನ್ಯೂಸ್‌ಪೇಪರಿನ ಪಟ್ಟಿ ಹರಿದು, ತಳಕ್ಕೆ ಸುತ್ತಿ, ಗುಳಿಗೆ ಒತ್ತಿದರು. ಬಟ್ಟಲು ಹೂವಿನಂತೆ ಕೂತಿತು. ಉಳಿ ತಾಗಿಸಿದೆ. ಕೆಂಪು ಅರಗು ಸುರುಳಿ ಸುರುಳಿಯಾಗಿ ಎದ್ದು ಬಂತು, ಅದರ ಕೆಳಗಿನಿಂದ ಹಾಲಿನಂಥ ಬಿಳಿ ಮರ ಕಂಡಿತು. ನಾನೂ ಜೋನೂ ಒಟ್ಟಿಗೇ "ಹಾ!" ಎಂದೆವು. ಇಬ್ಬರ ಭಾಷೆಯಲ್ಲೂ ಅದಕ್ಕೆ ಅದೇ ಮಾತು.

ಅಲ್ಲಿಂದ ಕೈ ಓಡಿತು. ನಾನು ಕೆರೆಯುವುದು, ಜೋನ್ ಪೇಪರು ಸುತ್ತುವುದು, ಸಿದ್ದರಾಜ ಒಳಗನ್ನು ಉಪ್ಪುಕಾಗದದಲ್ಲಿ ಉಜ್ಜಿ ನೀರು ತುಂಬಿಸಿ ಸೋರುತ್ತದೆಯೇ ನೋಡುವುದು. ಗಂಟೆಗೊಮ್ಮೆ ಟೀ. ಅವರ ಟೀಯನ್ನು ಕುದಿಸುವುದಿಲ್ಲ. ಬಿಸಿನೀರಿಗೆ ಚೀಲ ಅದ್ದಿ, ಮೇಲೆ ತಣ್ಣನೆ ಹಾಲು ಹುಯ್ದು ಮುಗಿಸುತ್ತಾರೆ. ಆ ದಿನ ಅಂಥ ಏಳು ಟೀ ಕುಡಿದೆ. ಏಳನೆಯದು ರುಚಿಯೆನಿಸಿದಾಗ ನನಗೇ ಗಾಬರಿಯಾಯಿತು.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಜೋನ್ ಹೊಟ್ಟನ್ನೆಲ್ಲ ಗುಡಿಸಿ ಒಂದು ಮೂಲೆ ಮಾಡಿಕೊಟ್ಟರು. ದಿಕ್ಕು ಯಾವುದೆಂದು ನಾನು ಫೋನು ತೆಗೆದೆ. ಸಿದ್ದರಾಜ ಬಾಗಿಲಲ್ಲಿ ನಿಂತು ಬಿಸಿಲು ನೋಡಿ, ಕೈಚಾಚಿ, "ಸೌತ್ ಈಸ್ಟು, ಅಗಾ ಆ ಚಿಮಣಿ ಕಡೆ" ಎಂದ. ಫೋನೂ ಅದೇ ಚಿಮಣಿಯನ್ನು ತೋರಿಸಿತು. ನಮಾಜು ಮುಗಿಸಿ ತಿರುಗಿದರೆ ಅವನು ಬಾಗಿಲಿಗೆ ಅಡ್ಡ ನಿಂತು, ಟೀ ತಂದ ಡೆನಿಸರನ್ನು ಸದ್ದು ಮಾಡದಂತೆ ತಡೆದಿದ್ದ.

"ಸಾಕು ಬಾರ್ಲಾ, ಒಳಿಕ್ಕೆ ಬಾ" ಎಂದೆ. ಸಿಟ್ಟು ಯಾವಾಗ ಹೋಯಿತೋ ನನಗೂ ಗೊತ್ತಾಗಲಿಲ್ಲ.

ಹದಿನಾರು ಬಟ್ಟಲು ಉಳಿದವು, ನಾಲ್ಕು ಹೋದವು. ಕೊನೆಗೆ ಜೋನ್ ಮಗುವಿನಂತೆ ಕೇಳಿಕೊಂಡರು: ಅರಗು ಹಚ್ಚುವುದು ಹೇಗೆ, ಒಮ್ಮೆ ತೋರಿಸಿ. ಗೀರು ಬಿದ್ದರೆ ತಿದ್ದಲೆಂದು ನಾಲ್ಕು ಕಡ್ಡಿ ತಂದಿದ್ದೆ. ತಾಳೆಗರಿ ಇರಲಿಲ್ಲ. ಅವರ ತೋಟದ ಮುಸುಕಿನ ಜೋಳದ ತೆನೆಯ ಸಿಪ್ಪೆ ಸುಲಿದುಕೊಂಡೆ. ತಿರುಗುವ ಮರಕ್ಕೆ ಹಳದಿ ಕಡ್ಡಿ ಒತ್ತಿದೆ, ಬಿಸಿಗೆ ಅರಗು ಕರಗಿ ಹರಡಿತು, ಸಿಪ್ಪೆಯಲ್ಲಿ ಉಜ್ಜಿದ್ದೇ ಮಿಂಚು ಹೊಡೆಯಿತು. ಜೋನ್ ಚಪ್ಪಾಳೆ ತಟ್ಟುತ್ತಾ ಶೆಡ್ಡಿನೊಳಗೇ ಒಂದು ಸುತ್ತು ತಿರುಗಿದರು. ನಮ್ಮ ಬೀದಿಯಲ್ಲಿ ಇದನ್ನು ದಿನಕ್ಕೆ ನೂರು ಸಲ ಮಾಡುತ್ತೇವೆ, ಯಾರೂ ತಿರುಗಿ ನೋಡುವುದಿಲ್ಲ.

ಭಾನುವಾರ, ಹನ್ನೆರಡು ಗಂಟೆ

ಬಂದರು ಕಾಣುವ ಒಂದು ಸಣ್ಣ ಹಾಲು. ನಡುವೆ ಓಕ್ ಮರದ ದೊಡ್ಡ ಪೀಪಾಯಿ, ಅದರ ಹೊಟ್ಟೆಯ ಮೇಲೆ ರಾಣಿಯನ್ನು ದೇವರು ಹರಸಲಿ ಎಂದು ಹಿತ್ತಾಳೆಯ ಅಕ್ಷರ. ಡೆನಿಸರೂ ಸೇರಿ ಹದಿನೈದು ಮುದುಕರು ಎದೆಯ ತುಂಬ ಪದಕ ತೊಟ್ಟು ಬಂದಿದ್ದರು. ಹಿಂದಿನ ವರ್ಷ ಇಪ್ಪತ್ತೊಂದು ಜನ ಇದ್ದರಂತೆ. ಗಾಲಿಕುರ್ಚಿಯಲ್ಲಿ ಆರ್ಥರ್, ಹಕ್ಕಿಯ ಹಾಗೆ ಹಗುರ. ಜೋನ್ ತಮ್ಮ ಟೀ ಮಗ್ಗು ಮನೆಯಿಂದಲೇ ತಂದಿದ್ದರು.

ಸಿದ್ದರಾಜ ಕ್ಷೌರ ಮಾಡಿಸಿ, ಬ್ಲೇಜರು ತೊಟ್ಟು, ತನ್ನ ಪದಕಗಳನ್ನು ಹಾಕಿಕೊಂಡು ನಿಂತಿದ್ದ. ಈ ರಮ್ಮು ಅಂಗಡಿಯದಲ್ಲ, ನೌಕಾಪಡೆಯ ಹಳೇ ದಾಸ್ತಾನಿನದು, ಯಾರೋ ಜೋಪಾನ ಮಾಡಿಟ್ಟ ಒಂದೇ ಒಂದು ಜಾಡಿ. ಸಾತನೂರಿನಿಂದ ಹೊರಟಾಗಿನಿಂದ ದಿನಕ್ಕೆ ನಾಲ್ಕು ಸಲ, ಒಳಗೇನಿದೆ ಎಂದು ಬಾಯಿಬಿಡದೆ, ಅವನು ಒಂದು ಜಾಡಿಯ ಮಾತೆತ್ತಿದ್ದ. ರೈಲಿನಲ್ಲಿ ನೌಕಾಪಡೆಯ ಹೆಸರಿನಲ್ಲಿ ಅವನು ಹೇಳಿದ್ದೆಲ್ಲ ಆ ಜಾಡಿಯ ಕತೆಯೇ ಎಂದು ಈಗ ಹೊಳೆಯಿತು.

ಒಬ್ಬರು ಸಣ್ಣ ಪೀಪಿ ಊದಿದರು. ಎಂಥ ಕೀರಲು ದನಿ ಅದು! ಕೂತವರ ಬೆನ್ನೆಲ್ಲ ನೆಟ್ಟಗಾಯಿತು, ನನ್ನದೂ ಸೇರಿ. ಡೆನಿಸ್ ಉದ್ದನೆಯ ರಿಜಿಸ್ಟರು ಬಿಡಿಸಿ ಹೆಸರು ಕೂಗಿದರು. ಹಿಂದೆ ಹಡಗಿನಲ್ಲಿ ರಮ್ಮು ಕುಡಿಯುವವನ ಹೆಸರಿನ ಮುಂದೆ 'ಜಿ' ಎಂದೂ, ಕುಡಿಯದವನ ಮುಂದೆ 'ಟಿ' ಎಂದೂ ಬರೆಯುತ್ತಿದ್ದರಂತೆ. ಕುಡಿಯದವರೂ ಇದ್ದರು, ಅವರನ್ನು ಯಾರೂ ಕೀಳಾಗಿ ಕಾಣುತ್ತಿರಲಿಲ್ಲ ಎಂದು ಡೆನಿಸ್ ನನ್ನ ಕಡೆ ನೋಡಿ ಹೇಳಿದರು. 'ಟಿ'ಯವರಿಗೆಂದು ಪಕ್ಕದ ಹೂಜಿಯಲ್ಲಿ ನಿಂಬೆ ನೀರಿತ್ತು.

ಒಬ್ಬೊಬ್ಬರೇ ಎದ್ದು ಹೋಗಿ ನನ್ನ ಬಟ್ಟಲು ಒಡ್ಡಿದರು. ಜಾಡಿಯಿಂದ ಪೀಪಾಯಿಗೆ ಸುರಿದಿದ್ದ ಕಪ್ಪನೆಯ ರಮ್ಮು ತಾಮ್ರದ ಅಳತೆಯಲ್ಲಿ ಬಿದ್ದು, ಬಿಳಿ ಮರದಲ್ಲಿ ಜೇನಿನಂತೆ ನಿಂತಿತು. ನಾನು ಬಗ್ಗಿ ಬಗ್ಗಿ ಬಣ್ಣ ನೋಡುತ್ತಿದ್ದೆ. ಬಣ್ಣ ಬಿಡಲಿಲ್ಲ. ಸೋರಲಿಲ್ಲ. ಆರ್ಥರ್ ಕೈಗೆ ನೀಲಿ ಪಟ್ಟೆಯ ಬಟ್ಟಲು ಕೊಟ್ಟರು. ಎರಡೂ ಕೈಯಲ್ಲಿ ಹಿಡಿದರು. ಕೈ ನಡುಗಿತು, ಬಟ್ಟಲು ಜಾರಲಿಲ್ಲ. ಮುದುಕ ತಲೆಯೆತ್ತಿ ಇಡೀ ಹಾಲನ್ನು ಒಮ್ಮೆ ನೋಡಿದ. ಗೆದ್ದ ಹುಡುಗನ ನೋಟ.

ಹದಿನೈದು ಬಟ್ಟಲು ಹದಿನೈದು ಕೈಗೆ ಹೋದವು. ಮೇಜಿನ ಮೇಲೆ ಒಂದು ಉಳಿಯಿತು. ಡೆನಿಸ್ "ಸಿದ್ದರಾಜು" ಎಂದು ಕೂಗಿದರು. ಅವನು ಹೆಜ್ಜೆ ಕುಟ್ಟಿ ನಡೆದು, ಆ ಕೊನೆಯ ಬಟ್ಟಲನ್ನು ಎತ್ತಿಕೊಂಡ. ನನಗೆಂದು ಜೋನ್ ಒಂದು ಗಾಜಿನ ಲೋಟ ತೊಳೆದು ತಂದು ಇಟ್ಟರು. ಅದರಲ್ಲೇನೂ ನನಗೆ ಬೇಸರವಿರಲಿಲ್ಲ.

ಸಿದ್ದರಾಜ ಪೀಪಾಯಿಯ ಮುಂದೆ ನಿಂತ. ತಾಮ್ರದ ಅಳತೆ ಮೇಲೆದ್ದಿತು. ಅವನು ಬಟ್ಟಲಿನ ಬಾಯಿಗೆ ಅಂಗೈ ಮುಚ್ಚಿದ.

"ಟಿ, ಸರ್" ಎಂದ.

ಡೆನಿಸ್ ರಿಜಿಸ್ಟರಿನಿಂದ ತಲೆಯೆತ್ತಿದರು. "ನಿನ್ನ ಹೆಸರಿನ ಮುಂದೆ ಜಿ ಎಂದಿದೆಯಲ್ಲ?"

"ಇವತ್ತು ಟಿ, ಸರ್. ನನ್ನ ಪಾಲು ಆರ್ಥರ್ ಅವರಿಗೆ."

ಡೆನಿಸ್ ಪೆನ್ನು ತೆಗೆದು, ಹೊಡೆದು ಹಾಕಿ, ತಿದ್ದಿ ಬರೆದರು. ಸಿದ್ದರಾಜ ಹೂಜಿಯಿಂದ ಬಟ್ಟಲಿನ ತುಂಬ ನಿಂಬೆ ನೀರು ಹಾಕಿಸಿಕೊಂಡು ನನ್ನ ಪಕ್ಕ ಬಂದು ಕೂತ.

"ಏನ್ಲಾ ಇದು?" ಎಂದು ಪಿಸುಗುಟ್ಟಿದೆ. "ಇದಕ್ಕೇ ಅಲ್ವಾ ಇಷ್ಟು ದೂರ ಬಂದಿದ್ದು?"

"ಇರೋದು ಒಂದೇ ಬಟ್ಲು" ಎಂದ, ಎದುರು ನೋಡುತ್ತಲೇ. "ಇದ್ರೊಳಿಕ್ಕೆ ರಮ್ಮು ಬುಟ್ರೆ ನೀನು ಮುಟ್ಟಂಗಿಲ್ಲ. ಮಾಡ್ದೋನೇ ಗಾಜಿನ ಲೋಟದಲ್ಲಿ ಕುಡುದ್ರೆ ಯಂಗ್ಲಾ?"

ಡೆನಿಸ್ ಕೂತಲ್ಲಿಂದಲೇ ಬಟ್ಟಲೆತ್ತಿದರು. ಭಾನುವಾರದ ಹಾರೈಕೆ, ಜೊತೆಗಿಲ್ಲದ ಗೆಳೆಯರಿಗೆ. ಹದಿನೈದು ಮುದುಕರ ದನಿ ಒಂದಾಗಿ ಅದನ್ನೇ ನುಡಿಯಿತು, ಆರ್ಥರ್ ಅವರದು ಎಲ್ಲರಿಗಿಂತ ತಡವಾಗಿ ಮುಗಿಯಿತು. ಆ ನಿಂಬೆ ನೀರಿಗೆ ಸಕ್ಕರೆಯೂ ಇಲ್ಲ, ಉಪ್ಪೂ ಇಲ್ಲ. ಸಿದ್ದರಾಜ ಮುಖ ಹಿಂಡಿಕೊಂಡು ಸರಿಯಾಗಿ ಅರ್ಧ ಕುಡಿದು, ಉಳಿದರ್ಧವನ್ನು ನನ್ನ ಕೈಗೆ ಕೊಟ್ಟ.